ಸ್ವಂತ ಕಂಪನಿಯಿಂದಲೇ ಯುಕೆ ವರ್ಕ್ ವೀಸಾ ಸಿಗುತ್ತಾ? ಏಜೆಂಟ್ 38 ಲಕ್ಷ ಕೇಳ್ತಿದಾನೆ

ಹೂಟಗಳ್ಳಿ_ಪ್ಯಾನಲ್:
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಮ್ದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ, ಫ್ಯಾಕ್ಟರಿ ಮಷೀನ್‌ಗಳಿಗೆ ಪಿಎಲ್‌ಸಿ (ಮಷೀನ್ ನಡೆಸೋ ಸಣ್ಣ ಕಂಪ್ಯೂಟರ್) ಪ್ರೋಗ್ರಾಮಿಂಗ್, ಕಂಟ್ರೋಲ್ ಪ್ಯಾನಲ್ ಡಿಸೈನ್ ಮಾಡ್ಕೊಡ್ತೀವಿ, ಆರು ವರ್ಷದಿಂದ ನಡೀತಿದೆ, ನಾನು ನಮ್ ಭಾವ ಇಬ್ರೇ ಡೈರೆಕ್ಟರ್ಸ್. ಈಚೆಗೆ ಇಂಗ್ಲೆಂಡ್‌ನ ಕಾವೆಂಟ್ರಿ ಕಡೆ ಎರಡು ಕಂಪನಿಗಳಿಂದ ಕೆಲಸ ಬರ್ತಿದೆ, ಅವ್ರು ನೀವು ಇಲ್ಲೇ ಇದ್ರೆ ಸೈಟ್ ಕೆಲಸನೂ ಕೊಡ್ತಿದ್ವಿ ಅಂತ ಹೇಳ್ತಾನೇ ಇದಾರೆ. ಬೆಂಗಳೂರಲ್ಲಿ ಒಬ್ಬ ವೀಸಾ ಕನ್ಸಲ್ಟೆಂಟ್ ಹತ್ರ ಹೋಗಿದ್ದೆ. ಅವನು ಹೇಳಿದ್ದು: ಯುಕೆನಲ್ಲಿ ನಿಮ್ ಹೆಸರಲ್ಲಿ ಕಂಪನಿ ಮಾಡ್ಕೊಡ್ತೀವಿ, ಆ ಕಂಪನಿ ನಿಮ್ಮನ್ನೇ ಸ್ಪಾನ್ಸರ್ ಮಾಡುತ್ತೆ, ಅದಕ್ಕೆ ಸೆಲ್ಫ್ ಸ್ಪಾನ್ಸರ್‌ಶಿಪ್ ವೀಸಾ ಅಂತಾರೆ, 5 ವರ್ಷಕ್ಕೆ ಪಿಆರ್ (ಅಲ್ಲೇ ಖಾಯಂ ಇರೋ ಅನುಮತಿ) ಗ್ಯಾರಂಟಿ, ಎಲ್ಲಾ ಸೇರಿ 38 ಲಕ್ಷ, ಅರ್ಧ ಅಡ್ವಾನ್ಸ್. ನಮ್ ಮನೇಲಿ ಸೈಟ್ ಮಾರೋ ಮಾತು ಶುರುವಾಗಿದೆ. ನಮ್ಮ ಕಂಪನಿಯೇ ನಮಗೆ ವೀಸಾ ಕೊಡೋದು ಅಂದ್ರೆ ಕಾನೂನಲ್ಲಿ ಇದೆಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಲೆಸ್ಟರ್_ಶಂಕರಪ್ಪ:
ಮೊದಲು ಆ ಅಡ್ವಾನ್ಸ್ ಕೊಡ್ಬೇಡಿ. ಆಮೇಲೆ ಇದನ್ನ ಓದಿ.

ಸೆಲ್ಫ್ ಸ್ಪಾನ್ಸರ್‌ಶಿಪ್ ವೀಸಾ ಅನ್ನೋ ಹೆಸರಿನ ವೀಸಾ ಯುಕೆ ಕಾನೂನಲ್ಲಿ ಇಲ್ಲ. ಇರೋದು ಸ್ಕಿಲ್ಡ್ ವರ್ಕರ್ ವೀಸಾ. ಕಂಪನಿ ಅಂದ್ರೆ ಕಾನೂನಿನ ಕಣ್ಣಿಗೆ ಅದರ ಓನರ್‌ನಿಂದ ಬೇರೆ, ಹಾಗಾಗಿ ನೀವು ನೂರಕ್ಕೆ ನೂರು ಶೇರ್ ಇಟ್ಕೊಂಡಿರೋ ಕಂಪನಿನೂ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದೋರನ್ನ ಕೆಲಸಕ್ಕೆ ಕರೆಸ್ಕೊಳ್ಳೋ ಪರವಾನಗಿ) ತಗೊಂಡು ನಿಮ್ಮನ್ನ ಕೆಲಸಕ್ಕೆ ಸೇರಿಸ್ಕೋಬಹುದು. ಹಿಂದೆ ಇದರ ಜಾಗದಲ್ಲಿ ಟಿಯರ್ 2 ವರ್ಕ್ ವೀಸಾ ಇದ್ದಾಗ ತುಂಬಾ ದೊಡ್ಡ ಸಂಬಳದೋರನ್ನ ಬಿಟ್ರೆ ಉಳಿದೋರು ಸ್ಪಾನ್ಸರ್ ಕಂಪನಿಯಲ್ಲಿ 10%ಗಿಂತ ಜಾಸ್ತಿ ಶೇರ್ ಇಟ್ಕೊಳ್ಳೋ ಹಾಗಿರ್ಲಿಲ್ಲ, 2020ರ ಡಿಸೆಂಬರ್‌ನಲ್ಲಿ ಹೊಸ ರೂಟ್ ಬಂದಾಗ ಆ ಮಿತಿ ಹೋಯ್ತು. ಏಜೆಂಟ್‌ಗಳು ಹೆಸರಿಟ್ಟು ಮಾರ್ತಿರೋದು ಇದನ್ನೇ. ಅಂದ್ರೆ ದಾರಿ ಸುಳ್ಳಲ್ಲ, ಅವನು ಹೇಳಿದ ಗ್ಯಾರಂಟಿ ಸುಳ್ಳು.

ಯುಕೆಯಲ್ಲಿ ವೀಸಾ ಕೊಡೋ ಇಲಾಖೆ ಹೋಮ್ ಆಫೀಸ್, ಅದು ನೋಡೋ ಮುಖ್ಯ ವಿಷಯ ಅಂದ್ರೆ ಆ ಕೆಲಸ ನಿಜವಾಗಿ ಇದೆಯಾ ಅನ್ನೋದು. ಒಬ್ಬ ಮನುಷ್ಯನ್ನ ದೇಶದೊಳಗೆ ಕರ್ಕೊಂಡು ಬರೋಕೇ ಅಂತ ಸೃಷ್ಟಿ ಮಾಡಿದ ಹುದ್ದೆ ಆದ್ರೆ ಅದು ಅಸಲಿ ಹುದ್ದೆ ಅಲ್ಲ ಅಂತ ಅವರ ಗೈಡೆನ್ಸ್‌ನಲ್ಲೇ ಬರೆದಿದೆ. ನಿನ್ನೆ ಹುಟ್ಟಿದ ಕಂಪನಿ, ಗಿರಾಕಿ ಇಲ್ಲ, ಆಫೀಸ್ ಇಲ್ಲ, ಬ್ಯಾಂಕ್‌ನಲ್ಲಿ ವ್ಯವಹಾರ ಇಲ್ಲ, ಇರೋದು ಒಬ್ಬ ಡೈರೆಕ್ಟರ್ ಅವನಿಗೇ ವೀಸಾ ಬೇಕು ಅಂದ್ರೆ ಅಧಿಕಾರಿ ಏನಂತ ತಿಳ್ಕೋತಾನೆ ನೀವೇ ಹೇಳಿ. ನಿಮ್ಮ ವಿಷಯದಲ್ಲಿ ಒಳ್ಳೇದು ಏನಂದ್ರೆ ನಿಮಗೆ ನಿಜವಾದ ಗಿರಾಕಿ ಇದಾರೆ. ಅದು ಆ ಏಜೆಂಟ್ ಕೊಡೋಕಾಗದೇ ಇರೋ ಒಂದೇ ವಸ್ತು, ಅದು ನಿಮ್ಮ ಹತ್ರ ಈಗಲೇ ಇದೆ.

ಹೂಟಗಳ್ಳಿ_ಪ್ಯಾನಲ್:
ತುಂಬಾ ಥ್ಯಾಂಕ್ಸ್ ಸರ್. ಅವನು ಸಂಬಳದ ಬಗ್ಗೆ ಏನೂ ಹೇಳಲೇ ಇಲ್ಲ, ನಿಮ್ ಕಂಪನಿ ತಾನೆ ನೀವು ಹೇಗೆ ಬೇಕಾದ್ರೂ ತೋರಿಸ್ಕೋಬಹುದು ಅಂದ.

ಲೆಸ್ಟರ್_ಶಂಕರಪ್ಪ:
ತೋರಿಸ್ಕೊಳ್ಳೋಕೆ ಆಗಲ್ಲ. ಸಂಬಳ ಪೇರೋಲ್ ಮೂಲಕ ಹೋಗ್ಬೇಕು, ಪ್ರತಿ ಸಲ ಅದು ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ರಿಪೋರ್ಟ್ ಆಗುತ್ತೆ, ಹೋಮ್ ಆಫೀಸ್ ಅದನ್ನ ಹೋಲಿಸಿ ನೋಡುತ್ತೆ. 2025ರ ಜುಲೈ 22ರಿಂದ ಮಾಮೂಲಿ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್, ಅಥವಾ ಆ ಹುದ್ದೆಯ ಕೋಡ್‌ಗೆ ಇರೋ ಗೋಯಿಂಗ್ ರೇಟ್ (ಆ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಸಂಬಳ), ಯಾವುದು ಜಾಸ್ತಿನೋ ಅದು. ಸಾಫ್ಟ್‌ವೇರ್ ಡೆವಲಪರ್ ಕೋಡ್ ಹಾಕಿದ್ರೆ 50 ಸಾವಿರ ದಾಟುತ್ತೆ. ಅದೇ ದಿನದಿಂದ ಹೊಸದಾಗಿ ಬರೋರಿಗೆ ಹುದ್ದೆ ಡಿಗ್ರಿ ಮಟ್ಟದ್ದಾಗಿರಬೇಕು ಅಂತಲೂ ಮಾಡಿದ್ರು, ಮೊದ್ಲು ಹೋಟೆಲ್ ಅಂಗಡಿ ಮ್ಯಾನೇಜರ್ ಅಂತೆಲ್ಲ ಹಾಕಿ ತರಿಸ್ಕೋತಿದ್ದೋರ ದಾರಿ ಬಹುಪಾಲು ಅಲ್ಲಿಗೆ ಮುಚ್ಚಿತು.

41,700 ಕೊಡೋ ಕಂಪನಿಗೆ ಖರ್ಚು ಅಷ್ಟಕ್ಕೇ ನಿಲ್ಲಲ್ಲ. 5,000 ಪೌಂಡ್ ಮೇಲಿನ ಸಂಬಳಕ್ಕೆ ಕಂಪನಿ 15% ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ, ಭತ್ಯೆಗಳಿಗೆ ಹೋಗೋ ಸರ್ಕಾರಿ ವಂತಿಗೆ) ಕಟ್ಟಬೇಕು, ಅದೇ 5,505 ಪೌಂಡ್ ಆಗುತ್ತೆ. ಸಣ್ಣ ಕಂಪನಿಗಳಿಗೆ ಇದರಲ್ಲಿ ವಿನಾಯಿತಿ ಇದೆ, ಆದ್ರೆ ಸಂಬಳ ತಗೊಳ್ಳೋನು ಡೈರೆಕ್ಟರ್ ಒಬ್ನೇ ಆಗಿದ್ರೆ ಅದು ಸಿಗಲ್ಲ. ಹಾಗಾಗಿ ಆಫೀಸ್ ಬಾಡಿಗೆ, ಅಕೌಂಟೆಂಟ್, ಇನ್ಶೂರೆನ್ಸ್ ಎಲ್ಲಾ ಬಿಟ್ಟು ಬರೀ ನಿಮ್ಮೊಬ್ರ ಸಂಬಳಕ್ಕೇ ವರ್ಷಕ್ಕೆ 47 ಸಾವಿರ ಪೌಂಡ್ ಮೇಲೆ ಬೇಕು. ಕಾವೆಂಟ್ರಿ ಗಿರಾಕಿಗಳಿಂದ ಅಷ್ಟು ಬಿಲ್ ಆಗುತ್ತಾ ಅನ್ನೋದು ಮೊದಲ ಪ್ರಶ್ನೆ, ವೀಸಾ ಆಮೇಲಿನ ಮಾತು.

ಇನ್ನೊಂದು ಐಡಿಯಾನೂ ಏಜೆಂಟ್‌ಗಳು ಕೊಡ್ತಾರೆ, ಊರಿಂದ ನಿಮ್ ದುಡ್ಡೇ ಕಂಪನಿಗೆ ಹಾಕಿ ಅದನ್ನೇ ಸಂಬಳ ಅಂತ ತಗೊಳ್ಳಿ ಅಂತ. 2025ರ ಏಪ್ರಿಲ್‌ನಿಂದ ಕೆಲಸಗಾರ ಸ್ಪಾನ್ಸರ್‌ಗೆ ಕೊಡೋ ದುಡ್ಡನ್ನ, ಅದು ಇನ್ವೆಸ್ಟ್‌ಮೆಂಟ್ ಆದ್ರೂ ಸರಿ, ಸಂಬಳದಿಂದ ಕಳೆದು ಲೆಕ್ಕ ಹಾಕ್ತಾರೆ. ಆ ಆಟ ಈಗ ನಡಿಯಲ್ಲ.

ರೆಡಿಂಗ್_ರಾಘು:
ಶಂಕರಪ್ಪನವರೇ ನೀವು ಸ್ವಲ್ಪ ಜಾಸ್ತಿನೇ ಹೆದರಿಸ್ತಿದೀರ ಅನ್ಸುತ್ತೆ. ಇದು ಕಾನೂನುಬದ್ಧ ದಾರಿ, ನನಗೆ ಗೊತ್ತಿರೋ ಇಬ್ರು ಇದೇ ರೀತಿ ಬಂದು ಚೆನ್ನಾಗಿ ಬಿಸಿನೆಸ್ ಮಾಡ್ತಿದಾರೆ. ಸಣ್ಣವರೆಲ್ಲ ಹೀಗೆ ಹೆದರ್ಕೊಂಡು ಕೂತ್ರೆ ನಮ್ಮೋರು ಯಾವತ್ತೂ ಇನ್ನೊಬ್ರ ಹತ್ರ ಸಂಬಳಕ್ಕೇ ದುಡೀಬೇಕು. ಸಾಲಿಸಿಟರ್ (ವಕೀಲರು) ಇಟ್ಕೊಂಡು ಮಾಡಿದ್ರೆ ಆಗುತ್ತೆ.

ಲೆಸ್ಟರ್_ಶಂಕರಪ್ಪ:
ರಾಘು ಅವರೇ, ಆಗಲ್ಲ ಅಂತ ನಾನೆಲ್ಲೂ ಹೇಳಿಲ್ಲ. ನಿಮಗೆ ಗೊತ್ತಿರೋ ಆ ಇಬ್ರ ಕಂಪನಿಯಲ್ಲಿ ಆಥರೈಸಿಂಗ್ ಆಫೀಸರ್ ಯಾರು ಅಂತ ಕೇಳಿ ನೋಡಿ, ಎಲ್ಲಾ ನಿಂತಿರೋದು ಅಲ್ಲಿ. ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ಕಂಪನಿಯ ಒಬ್ಬ ಹಿರಿಯ ವ್ಯಕ್ತಿ ಆಥರೈಸಿಂಗ್ ಆಫೀಸರ್, ಅಂದ್ರೆ ಲೈಸೆನ್ಸ್‌ಗೆ ಜವಾಬ್ದಾರಿ ಹೊರೋರು, ಆಗಿ ಯುಕೆನಲ್ಲೇ ಇರಬೇಕು. ಲೆವೆಲ್ ಒನ್ ಯೂಸರ್ ಅಂತ ಇನ್ನೊಂದು ಪಾತ್ರ ಇದೆ, ಸ್ಪಾನ್ಸರ್‌ಶಿಪ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನೋ ಆನ್‌ಲೈನ್ ಪೋರ್ಟಲ್‌ನ ಲಾಗಿನ್ ಅವರ ಕೈಯಲ್ಲಿ, ಕಂಪನಿಯೊಳಗಿನ ಲೆವೆಲ್ ಒನ್ ಯೂಸರ್ ಒಬ್ರಾದ್ರೂ ಬ್ರಿಟಿಷ್ ಪ್ರಜೆ ಅಥವಾ ಅಲ್ಲಿ ಸೆಟಲ್ ಆದೋರು ಆಗಿರಬೇಕು. ಮೈಸೂರಲ್ಲಿ ಕೂತಿರೋ ಓನರ್ ಇದ್ಯಾವುದೂ ಆಗೋಕಾಗಲ್ಲ.

ಅದಕ್ಕೆ ಏಜೆಂಟ್ ತನ್ನ ಕಡೆಯ ಒಬ್ಬನ್ನ ನಿಮ್ ಕಂಪನಿಗೆ ಡೈರೆಕ್ಟರ್ ಮಾಡಿ ಕೂರಿಸ್ತಾನೆ. ಅವನೇ ಇನ್ನೂ ನಾಲ್ಕಾರು ಕಂಪನಿಗಳಿಗೂ ಅದೇ ಪಾತ್ರ ಮಾಡ್ತಿರ್ತಾನೆ. ಕಂಪನಿ ನಿಮ್ದು ಅಂತೀರ, ಆದ್ರೆ ನಿಮ್ಮ ವೀಸಾದ ಲಾಗಿನ್ ಅವನ ಹತ್ರ. ನನ್ನ ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಯ್ತು, ಎರಡನೇ ವರ್ಷಕ್ಕೆ ಆ ಮನುಷ್ಯ ದುಡ್ಡು ಜಾಸ್ತಿ ಕೇಳಿದ, ಕೊಡಲ್ಲ ಅಂದಿದ್ದಕ್ಕೆ ಲಾಗಿನ್ ಬಿಟ್ಟುಕೊಡದೆ ಸತಾಯಿಸಿದ, ಕೊನೆಗೆ ಲೈಸೆನ್ಸೇ ರದ್ದಾಯ್ತು. ಲೈಸೆನ್ಸ್ ಹೋದ್ರೆ ಸಾಮಾನ್ಯವಾಗಿ 60 ದಿನ ಕೊಡ್ತಾರೆ, ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲಾ ದೇಶ ಬಿಡಬೇಕು. ಆ ಮನೆಯ ಮಕ್ಕಳು ಶಾಲೆಯ ಮಧ್ಯದಲ್ಲಿ ವಾಪಸ್ ಹೋದ್ರು. ನಾನು ಇಷ್ಟು ಉದ್ದ ಬರೀತಿರೋದು ಅದಕ್ಕೇ.

ರೆಡಿಂಗ್_ರಾಘು:
ಇದು ನನಗೆ ಗೊತ್ತಿರ್ಲಿಲ್ಲ ಸರ್, ನಿಮ್ ಮಾತು ಸರಿ. ನಾನು ಹೇಳಿದ ಒಬ್ರ ಕಂಪನಿಯಲ್ಲಿ ಅವರ ಅಕ್ಕನೇ ಡೈರೆಕ್ಟರ್, ಅವ್ರು ಬ್ರಿಟಿಷ್ ಸಿಟಿಜನ್, ನಿಜವಾಗ್ಲೂ ಅಲ್ಲೇ ಕೆಲಸ ಮಾಡ್ತಾರೆ. ಅದಕ್ಕೇ ಸಲೀಸಾಗಿ ಆಗಿರಬೇಕು.

ಧಾರವಾಡ_ಆಡಿಟ್:
ನಮಸ್ಕಾರ್ರೀ. ಎಲ್ಲಾರೂ ಅಲ್ಲೀ ಕಾಯ್ದೇನೇ ಮಾತಾಡಾಕತ್ತೀರಿ, ರೊಕ್ಕ ಹೋಗೂದು ಇಲ್ಲಿಂದ ಅನ್ನೂದು ಯಾರೂ ಹೇಳವಲ್ರಿ. ನಾ ಆಡಿಟ್ ಕೆಲಸ ಮಾಡತೀನಿ, ಈ ವೀಸಾ ಮಂದಿ ಕೇಸು ನಮ್ಮ ಆಫೀಸಿಗೆ ಬರೂದು ಎಲ್ಲಾ ಕೆಟ್ಟಮ್ಯಾಲೆ. ಭಾರತದಾಗ ಇದ್ದಂವ ಹೊರದೇಶದಾಗ ಕಂಪನಿ ಮಾಡಿ ಅದರ ಶೇರ್ ತಗೊಂಡ ಅಂದ್ರ ಅದು ಓವರ್‌ಸೀಸ್ ಡೈರೆಕ್ಟ್ ಇನ್ವೆಸ್ಟ್‌ಮೆಂಟ್ ಆಗತೈತ್ರಿ, ಒಂದು ಪೌಂಡ್ ಶೇರ್ ಇದ್ರೂ ಅಷ್ಟ. 2022ರ ಆಗಸ್ಟ್ 22ಕ್ಕ ಹೊಸ ರೂಲ್ಸ್ ಬಂದಾವು. ಸ್ವಂತ ಹೆಸರಿನ್ಯಾಗ ಮಾಡಿದ್ರ ಎಲ್‌ಆರ್‌ಎಸ್ (ಒಬ್ಬೊಬ್ರು ಹೊರದೇಶಕ್ಕ ರೊಕ್ಕ ಕಳಸೂ ಆರ್‌ಬಿಐ ಯೋಜನೆ) ಮಿತಿಯೊಳಗ ಮಾಡಬೇಕು, ವರ್ಷಕ್ಕ 2,50,000 ಡಾಲರ್. ಬ್ಯಾಂಕಿಗೆ ಫಾರ್ಮ್ ಎಫ್‌ಸಿ (ಈ ಹೂಡಿಕಿ ತಿಳಸೂ ಫಾರ್ಮ್) ಕೊಟ್ಟು ಆರ್‌ಬಿಐ ಕಡೆಯಿಂದ ಆ ಹೂಡಿಕಿಗೆ ಯುಐಎನ್ ಅನ್ನೂ ಗುರುತಿನ ನಂಬರ್ ತಗೋಬೇಕು, ಆಮ್ಯಾಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗ ಎಪಿಆರ್ (ಆ ಕಂಪನಿ ಹ್ಯಾಂಗ ನಡದೈತಿ ಅನ್ನೂ ವಾರ್ಷಿಕ ವರದಿ) ಹಾಕಬೇಕು. ಏಜೆಂಟರು ಏನ್ ಮಾಡತಾರಂದ್ರ ಆನ್‌ಲೈನ್‌ನ್ಯಾಗ ಕಂಪನಿ ರಿಜಿಸ್ಟರ್ ಮಾಡಿ, ರೊಕ್ಕಾನ ಟೂರು ಅಂತನೋ ಮಗನ ಫೀಸ್ ಅಂತನೋ ಬ್ಯಾರೆ ಪರ್ಪಸ್ ಕೋಡ್‌ನ್ಯಾಗ ಕಳಸ್ತಾರ. ನಾಳೆ ಬ್ಯಾಂಕಿನವ್ರು ಕೇಳಿದ್ರ ಸಿಕ್ಕಿ ಬೀಳಾಂವ ನೀವು, ಅಂವ ಅಲ್ಲ.

ಎಲ್‌ಆರ್‌ಎಸ್‌ನ್ಯಾಗ 10 ಲಕ್ಷ ದಾಟಿದ ಮ್ಯಾಲಿನ ಇನ್ವೆಸ್ಟ್‌ಮೆಂಟ್ ರೊಕ್ಕಕ್ಕ 20% ಟಿಸಿಎಸ್ (ಬ್ಯಾಂಕ್ ಮೊದಲ ಹಿಡಿಯೂ ತೆರಿಗಿ) ಹಿಡೀತಾರ, ರಿಟರ್ನ್ ಹಾಕಿದಾಗ ಹೊಂದಾಣಿಕಿ ಆಗತೈತಿ ಖರೆ, ಆದ್ರ ಅಲ್ಲೀತನಾ ಅಷ್ಟು ರೊಕ್ಕ ಕೈಯಾಗ ಇರಂಗಿಲ್ಲ. ನೀವು ರೆಸಿಡೆಂಟ್ ಇರೂತನಾ ರಿಟರ್ನ್‌ನ್ಯಾಗ ಶೆಡ್ಯೂಲ್ ಎಫ್‌ಎ (ಹೊರದೇಶದ ಆಸ್ತಿ ಪಟ್ಟಿ) ತುಂಬೂದು ಮರೀಬ್ಯಾಡ್ರಿ, ಬ್ಲ್ಯಾಕ್ ಮನಿ ಕಾಯ್ದೆದಾಗ ಅದಕ್ಕ 10 ಲಕ್ಷ ದಂಡ ಬೀಳಬಹುದು.

ಮೈಸೂರಿನವ್ರಿಗೆ ನನ್ನ ಸಲಹೆ: ನಿಮ್ಮ ಕಂಪನಿಗೇ ಯುಕೆದಾಗ ಒಂದು ಸಬ್ಸಿಡಿಯರಿ (ಅಂಗಸಂಸ್ಥೆ) ಮಾಡ್ರಿ. ಭಾರತದ ಕಂಪನಿ ತನ್ನ ನೆಟ್‌ವರ್ತ್‌ನ 400% ತನಕ ಆಟೊಮೆಟಿಕ್ ರೂಟ್‌ನ್ಯಾಗ ಹೂಡಬಹುದು, ಆರ್‌ಬಿಐ ಪರ್ಮಿಶನ್ ಬ್ಯಾಡ, ಎಲ್‌ಆರ್‌ಎಸ್‌ನ ಟಿಸಿಎಸ್ ತಾಪನೂ ಇಲ್ಲ. ಕಾಗದ ಮಾತ್ರ ಅಲ್ಲೂ ಇವ, ಫಾರ್ಮ್ ಎಫ್‌ಸಿ, ಯುಐಎನ್, ಎಪಿಆರ್.

ಹೂಟಗಳ್ಳಿ_ಪ್ಯಾನಲ್:
ಅಯ್ಯೋ ಸರ್, ಇದೊಂದೂ ಅವನ ಬಾಯಲ್ಲಿ ಬರಲೇ ಇಲ್ಲ. ಮೈಸೂರು ಕಂಪನಿ ಮೂಲಕ ಹೋದ್ರೆ ವೀಸಾ ಅದೇನಾ ಅಥವಾ ಬೇರೆನಾ?

ಲೆಸ್ಟರ್_ಶಂಕರಪ್ಪ:
ಎರಡೂ ಸಾಧ್ಯ. ಆಡಿಟರ್ ಸಾಹೇಬ್ರು ಹೇಳಿದ ಮೇಲೆ ನನಗನ್ಸೋದು ನಿಮಗೆ ಹೊಂದೋದು ಯುಕೆ ಎಕ್ಸ್‌ಪ್ಯಾನ್ಷನ್ ವರ್ಕರ್ ರೂಟ್. ಹೊರದೇಶದಲ್ಲಿ ಮೂರು ವರ್ಷವಾದ್ರೂ ವ್ಯಾಪಾರ ಮಾಡಿರೋ ಕಂಪನಿ, ಯುಕೆನಲ್ಲಿ ಇನ್ನೂ ವ್ಯಾಪಾರ ಶುರು ಮಾಡಿಲ್ಲ ಅಂದ್ರೆ, ತನ್ನ ಹಿರಿಯ ಮ್ಯಾನೇಜರ್ ಅಥವಾ ಸ್ಪೆಷಲಿಸ್ಟ್‌ನ ಅಲ್ಲಿ ಬ್ರಾಂಚ್ ನಿಲ್ಲಿಸೋಕೆ ಕಳಿಸಬಹುದು. ಇದರಲ್ಲಿ ಆಥರೈಸಿಂಗ್ ಆಫೀಸರ್ ಯುಕೆನಲ್ಲಿ ಯಾರೂ ಇಲ್ಲದಿದ್ರೆ ಹೋಗೋರೇ ಆ ಪಾತ್ರಕ್ಕೆ ಹೆಸರು ಕೊಡಬಹುದು, ಅವರೊಬ್ರು ಮೊದಲು ಹೋಗೋ ತನಕ ತಾತ್ಕಾಲಿಕ ರೇಟಿಂಗ್‌ನಲ್ಲಿ ಲೈಸೆನ್ಸ್ ಕೊಡ್ತಾರೆ. ಬಾಡಿಗೆ ಡೈರೆಕ್ಟರ್ ಸಹವಾಸ ತಪ್ಪುತ್ತೆ. ಆದ್ರೆ ಇದು ಹೆಚ್ಚೆಂದ್ರೆ ಎರಡು ವರ್ಷ, ಸಂಬಳದ ಮಿತಿ 52,500 ಪೌಂಡ್, ಇದರಿಂದ ಪಿಆರ್ ಇಲ್ಲ. ಆ ಎರಡು ವರ್ಷದಲ್ಲಿ ಅಲ್ಲಿನ ವ್ಯಾಪಾರ ನಿಂತ್ರೆ ಕಂಪನಿ ಸ್ಕಿಲ್ಡ್ ವರ್ಕರ್‌ಗೆ ಲೈಸೆನ್ಸ್ ಸೇರಿಸ್ಕೊಂಡು ನಿಮ್ಮನ್ನ ಅದಕ್ಕೆ ಬದಲಾಯಿಸಬಹುದು.

5 ವರ್ಷಕ್ಕೆ ಪಿಆರ್ ಗ್ಯಾರಂಟಿ ಅನ್ನೋ ಮಾತನ್ನಂತೂ ನಂಬಲೇಬೇಡಿ, ಅದನ್ನ 10 ವರ್ಷಕ್ಕೆ ಏರಿಸೋ ಪ್ರಸ್ತಾಪವನ್ನ 2025ರ ಮೇ ತಿಂಗಳ ಶ್ವೇತಪತ್ರದಲ್ಲೇ ಸರ್ಕಾರ ಇಟ್ಟಿದೆ.

ನ್ಯೂಜೆರ್ಸಿ_ಅತ್ತಿಗೆ:
ಅಮೆರಿಕದ ವಿಷಯ ಇಲ್ಲೇ ಕೇಳ್ಬಹುದಾ? ನಮ್ಮ ಮೈದುನ ಇಲ್ಲಿ ಎಚ್-1ಬಿ ವರ್ಕ್ ವೀಸಾ ಮೇಲೆ ಇದಾನೆ, ಸ್ವಂತ ಸ್ಟಾರ್ಟಪ್ ಮಾಡ್ಬೇಕು ಅಂತ ಒದ್ದಾಡ್ತಿದಾನೆ. ಓನರ್ ಆದ್ರೆ ವೀಸಾ ಹೋಗುತ್ತೆ ಅಂತ ಎಲ್ರೂ ಹೆದರಿಸ್ತಾರೆ.

ಸನ್ನಿವೇಲ್_ಸುಬ್ಬು:
ಅತ್ತಿಗೆ, ಆ ಹೆದರಿಕೆ ಹಳೇದು, 2010ರಲ್ಲಿ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಒಂದು ಮೆಮೊ ತಂದಿತ್ತು, ಉದ್ಯೋಗಿ ಮೇಲೆ ಕಂಪನಿಗೆ ನಿಯಂತ್ರಣ ಇರಬೇಕು ಅಂತ, ಒಬ್ನೇ ಓನರ್ ಆದ್ರೆ ನಿನ್ನನ್ನ ಕೆಲಸದಿಂದ ತೆಗೆಯೋರು ಯಾರು ಅನ್ನೋ ಪ್ರಶ್ನೆ. ಅದನ್ನ 2020ರಲ್ಲಿ ವಾಪಸ್ ತಗೊಂಡ್ರು. 2025ರ ಜನವರಿ 17ರಿಂದ ಜಾರಿಗೆ ಬಂದ ರೂಲ್‌ನಲ್ಲಿ ಓನರ್ ಆದೋನಿಗೂ ಎಚ್-1ಬಿ ಕೊಡಬಹುದು ಅಂತ ಸ್ಪಷ್ಟವಾಗಿ ಬರೆದಿದಾರೆ. ಶೇರ್ ಅಥವಾ ವೋಟಿಂಗ್ ಅರ್ಧಕ್ಕಿಂತ ಜಾಸ್ತಿ ಇದ್ರೆ ಮೊದಲ ಸಲ 18 ತಿಂಗಳು, ಮೊದಲ ಎಕ್ಸ್‌ಟೆನ್ಷನ್ 18 ತಿಂಗಳು, ಆಮೇಲೆ ಮಾಮೂಲಿ. ಕೆಲಸದ ಬಹುಪಾಲು ಸಮಯ ಡಿಗ್ರಿ ಬೇಕಾಗೋ ಕೆಲಸದಲ್ಲೇ ಇರಬೇಕು, ಉಳಿದ ಟೈಮಲ್ಲಿ ಇನ್ವೆಸ್ಟರ್ ಮೀಟಿಂಗ್, ಲೀಸ್, ಹೈರಿಂಗ್ ಅಂತ ಓಡಾಡಬಹುದು.

ನಿಮ್ಮ ಮೈದುನ ಈಗಾಗಲೇ ಎಚ್-1ಬಿ ಹಂಚೋ ಲಾಟರಿಯಲ್ಲಿ ಆಯ್ಕೆ ಆದೋನು, ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡೋಕೆ ಮತ್ತೆ ಲಾಟರಿ ಬೇಡ. 2025ರ ಸೆಪ್ಟೆಂಬರ್ 21ರಿಂದ ಎಚ್-1ಬಿಗೆ ಹಾಕಿದ 1,00,000 ಡಾಲರ್ ಶುಲ್ಕನೂ ಅಮೆರಿಕದ ಒಳಗೇ ಇದ್ದು ಕಂಪನಿ ಬದಲಾಯಿಸೋರಿಗೆ ಬರಲ್ಲ, ಅದು ಮುಖ್ಯವಾಗಿ ದೇಶದ ಹೊರಗಿರೋರ ಹೊಸ ಅರ್ಜಿಗೆ. ಆದ್ರೆ ಈಗಿನ ಕಂಪನಿಯ ಎಚ್-1ಬಿ ಮೇಲೆ ಇದ್ಕೊಂಡು ರಾತ್ರಿ ಸ್ವಂತ ಸ್ಟಾರ್ಟಪ್‌ಗೆ ಕೋಡ್ ಬರೆಯೋ ಹಾಗಿಲ್ಲ, ಶೇರ್ ಇಟ್ಕೊಳ್ಳೋದು ಬೇರೆ ಕೆಲಸ ಮಾಡೋದು ಬೇರೆ, ಕೆಲಸಕ್ಕೆ ತನ್ನ ಕಂಪನಿಯಿಂದ ಇನ್ನೊಂದು ಪಿಟಿಷನ್ ಹಾಕಲೇಬೇಕು. ಪಾರ್ಟ್ ಟೈಮ್ ಆಗಿ ಜೊತೆಗೊಂದು ಎಚ್-1ಬಿ ಹಾಕಿ ಶುರು ಮಾಡೋದು ಒಳ್ಳೇ ಉಪಾಯ, ಹಳೇ ಕೆಲಸ ಇರುತ್ತೆ. ಗ್ರೀನ್ ಕಾರ್ಡ್‌ಗೆ ಮಾತ್ರ ಸ್ವಂತ ಕಂಪನಿಯಿಂದ ಪರ್ಮ್ (ಆ ಕೆಲಸಕ್ಕೆ ಅಮೆರಿಕದೋರು ಸಿಗಲಿಲ್ಲ ಅಂತ ತೋರಿಸೋ ಅರ್ಜಿ) ಹಾಕೋದು ತುಂಬಾ ಕಷ್ಟ, ಆ ಕೆಲಸ ಅಮೆರಿಕದೋರಿಗೆ ನಿಜವಾಗಿ ತೆರೆದಿತ್ತಾ ಅಂತ ಲೇಬರ್ ಇಲಾಖೆ ಕೆದಕುತ್ತೆ. ಆಗಲೇ ಬೇರೆ ಕಂಪನಿಯಿಂದ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಪಾಸ್ ಆಗಿದ್ರೆ ಆ ಪ್ರಯಾರಿಟಿ ಡೇಟ್ (ಸರದಿಯ ತಾರೀಕು) ಉಳಿಯುತ್ತೆ, ಅದನ್ನ ಮೊದಲು ಭದ್ರ ಮಾಡ್ಕೊಳ್ಳೋಕೆ ಹೇಳಿ.

ಮೈಸೂರಿನೋರಿಗೂ ಒಂದು ಮಾತು, ಅಮೆರಿಕಕ್ಕೆ ಎಲ್-1ಎ ವೀಸಾ ಇದೆ, ಕಂಪನಿ ತನ್ನ ಮ್ಯಾನೇಜರ್‌ನ ಇಲ್ಲಿನ ತನ್ನದೇ ಆಫೀಸಿಗೆ ಕಳಿಸೋದು, ಊರಿನ ಕಂಪನಿಯಲ್ಲಿ ಕಳೆದ ಮೂರು ವರ್ಷದಲ್ಲಿ ಒಂದು ವರ್ಷ ಮ್ಯಾನೇಜರ್ ಆಗಿ ದುಡಿದಿರಬೇಕು, ಹೊಸ ಆಫೀಸ್ ಆದ್ರೆ ಮೊದಲಿಗೆ ಒಂದೇ ವರ್ಷ ಕೊಡ್ತಾರೆ. ಓನರ್ ಇಲ್ಲಿಗೆ ಬಂದ ಮೇಲೆ ಊರಿನ ಕಂಪನಿಗೆ ಬೀಗ ಹಾಕಿದ್ರೆ ಎಕ್ಸ್‌ಟೆನ್ಷನ್ ಆಗಲ್ಲ, ಎರಡೂ ಕಡೆ ವ್ಯಾಪಾರ ನಡೀತಿರಬೇಕು. ದುಡ್ಡು ಹೂಡಿ ಬರೋ ಇ-2 ವೀಸಾ ಭಾರತದೋರಿಗೆ ಇಲ್ಲ, ಅದಕ್ಕೆ ಬೇಕಾದ ಒಪ್ಪಂದ ಎರಡು ದೇಶದ ಮಧ್ಯೆ ಇಲ್ಲ.

ಕುಡ್ಲ_ದುಬೈ:
ಇಷ್ಟೆಲ್ಲ ತಲೆಬಿಸಿ ಎಂತಕೆ ಮಾರಾಯ್ರೆ, ದುಬೈಯಲ್ಲಿ ಫ್ರೀ ಝೋನ್ (ವಿಶೇಷ ವ್ಯಾಪಾರ ವಲಯ) ಲೈಸೆನ್ಸ್ ತೆಗೆದ್ರೆ ಪಾರ್ಟ್‌ನರ್ ವೀಸಾ ಸಿಗ್ತದೆ, ನಾನು ಹಾಗೇ ಇದ್ದೇನೆ. ಆದ್ರೆ ನೇರ ಹೇಳ್ತೇನೆ, ವೀಸಾ ಎರಡು ವರ್ಷದ್ದು, ಲೈಸೆನ್ಸ್ ವರ್ಷ ವರ್ಷ ರಿನ್ಯೂ ಮಾಡ್ಲಿಕ್ಕೆ ಉಂಟು, ಆರು ತಿಂಗಳು ಊರಲ್ಲಿ ಕೂತ್ರೆ ವೀಸಾ ಹೋಗ್ತದೆ. 2023ರ ಜೂನ್‌ನಿಂದ 3,75,000 ದಿರ್ಹಾಮ್ ಮೇಲಿನ ಲಾಭಕ್ಕೆ 9% ಟ್ಯಾಕ್ಸ್ ಕೂಡ ಬಂತು. ಅವರ ಗಿರಾಕಿಗಳು ಕಾವೆಂಟ್ರಿಯಲ್ಲಿ ಅಲ್ವಾ, ದುಬೈಯಲ್ಲಿ ಕೂತು ಅಲ್ಲಿಯ ಮಷೀನ್ ಹೇಗೆ ನೋಡ್ತಾರೆ, ಅದೂ ಒಂದು ಪ್ರಶ್ನೆಯೇ.

ಬರ್ಲಿನ್_ಬಸು:
ಜರ್ಮನಿಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬೇರೆ. ಇಲ್ಲಿ ಕಂಪನಿಯ ಬಹುಪಾಲು ಶೇರ್ ನಿಮ್ದೇ ಆದ್ರೆ ನಿಮ್ಮನ್ನ ಉದ್ಯೋಗಿ ಅಂತ ನೋಡಲ್ಲ, ಸ್ವಂತ ಉದ್ಯಮಿ ಅಂತ ನೋಡ್ತಾರೆ, ಹಾಗಾಗಿ ಉದ್ಯೋಗಿಗಳಿಗೆ ಕೊಡೋ ಬ್ಲೂ ಕಾರ್ಡ್ ಅಲ್ಲ, ರೆಸಿಡೆನ್ಸ್ ಕಾಯ್ದೆಯ ಸೆಕ್ಷನ್ 21ರಲ್ಲಿ ಅರ್ಜಿ. ಜಿಎಂಬಿಎಚ್‌ಗೆ (ಇಲ್ಲಿನ ಪ್ರೈವೇಟ್ ಲಿಮಿಟೆಡ್ ಕಂಪನಿ) 25,000 ಯೂರೊ ಬಂಡವಾಳ, ರಿಜಿಸ್ಟರ್ ಮಾಡೋವಾಗ ಅರ್ಧ ಕಟ್ಟಿದ್ರೆ ಸಾಕು. ಬಿಸಿನೆಸ್ ಚೆನ್ನಾಗಿ ನಡೆದ್ರೆ ಮೂರು ವರ್ಷಕ್ಕೇ ಪರ್ಮನೆಂಟ್‌ಗೆ ಹಾಕಬಹುದು. ನನಗೆ ಇದು ಹೆಚ್ಚು ಪ್ರಾಮಾಣಿಕ ಅನ್ಸುತ್ತೆ, ಓನರ್‌ನ ಓನರ್ ಅಂತಲೇ ಒಪ್ಕೊಂಡು ಬಿಸಿನೆಸ್ ಪ್ಲಾನ್ ಕೇಳ್ತಾರೆ, ಸಂಬಳದ ನಾಟಕ ಇಲ್ಲ.

ಹೂಟಗಳ್ಳಿ_ಪ್ಯಾನಲ್:
ಎಲ್ರಿಗೂ ಕೈ ಮುಗೀತೀನಿ. ಭಾವನ ಜೊತೆ ಕೂತು ಲೆಕ್ಕ ಹಾಕಿದ್ವಿ. ಈಗ ಬರ್ತಿರೋ ಇಂಗ್ಲೆಂಡ್ ಬಿಲ್ಲಿಂಗ್‌ನಲ್ಲಿ 52,500 ಸಂಬಳ ಆಗಲ್ಲ, ಸೈಟ್ ಕೆಲಸದ ಆರ್ಡರ್ ಬರವಣಿಗೆಯಲ್ಲಿ ಸಿಕ್ರೆ ಆಗುತ್ತೆ. ಮೊದಲು ವಿಸಿಟರ್ ವೀಸಾದಲ್ಲಿ ಹೋಗಿ ಅವರ ಜೊತೆ ಮಾತಾಡಿ ಕಾಂಟ್ರಾಕ್ಟ್ ಸೈನ್ ಮಾಡಿಸ್ಕೊಂಡು ಬರೋದು ತಪ್ಪಾಗುತ್ತಾ? ಮನೆ ಸೈಟ್ ಮಾರೋ ವಿಷಯ ನಿಲ್ಲಿಸಿದೀವಿ. ಅಡ್ವಾನ್ಸ್ ಕೊಟ್ಟಿಲ್ಲ. ನಮ್ಮನೆಯವಳು ಬಿಇ ಸಿವಿಲ್, ಅವಳೂ ಬಂದ್ರೆ ಕೆಲಸ ಮಾಡೋ ಹಾಗಿದೆಯಾ? ಮತ್ತೆ ಸರ್ಕಾರಕ್ಕೆ ಕಟ್ಟೋ ಫೀಸ್ ನಿಜವಾಗಿ ಎಷ್ಟು ಅಂತ ಗೊತ್ತಾದ್ರೆ ಆ 38 ಲಕ್ಷದಲ್ಲಿ ಏನೇನಿತ್ತು ಅಂತ ತಿಳ್ಕೋಬೇಕು.

ಲೆಸ್ಟರ್_ಶಂಕರಪ್ಪ:
ವಿಸಿಟರ್ ವೀಸಾದಲ್ಲಿ ಮೀಟಿಂಗ್, ಮಾತುಕತೆ, ಕಾಂಟ್ರಾಕ್ಟ್‌ಗೆ ಸಹಿ ಎಲ್ಲಾ ಮಾಡಬಹುದು. ಅವರ ಫ್ಯಾಕ್ಟರಿಯಲ್ಲಿ ಪ್ಯಾನಲ್ ತೆಗೆದು ಕೆಲಸಕ್ಕೆ ಕೈ ಹಾಕಬೇಡಿ ಅಷ್ಟೆ, ಗಿರಾಕಿ ಪ್ರೀತಿಯಿಂದ ಕರೆದ್ರೂ. ನೀವು ಮಾಡಿ ಕೊಟ್ಟ ಸಾಮಾನಿನ ಇನ್‌ಸ್ಟಲೇಷನ್‌ಗೆ ಒಂದು ಸಣ್ಣ ವಿನಾಯಿತಿ ಇದೆ, ಅದು ನಿಮಗೆ ಹೊಂದುತ್ತಾ ಅಂತ ಸಾಲಿಸಿಟರ್‌ನ ಕೇಳಿ.

ಫೀಸ್ ನಾನು ಹೇಳೋದು ಸ್ಕಿಲ್ಡ್ ವರ್ಕರ್‌ಗೆ, ಸಣ್ಣ ಕಂಪನಿ, ಒಬ್ರಿಗೆ ಮೂರು ವರ್ಷ, 2025ರ ಕೊನೆಯ ರೇಟ್, ಏಪ್ರಿಲ್ ಬಂದ್ರೆ ಏರಿಸೋ ರೂಢಿ ಇದೆ ನೋಡ್ಕೊಳ್ಳಿ. ಲೈಸೆನ್ಸ್ 574, ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ (ಉದ್ಯೋಗಿಗೆ ಕಂಪನಿ ಕೊಡೋ ದಾಖಲೆ) 525, ಸ್ಕಿಲ್ಸ್ ಚಾರ್ಜ್ (ಹೊರದೇಶದೋರನ್ನ ತಗೊಂಡಿದ್ದಕ್ಕೆ ಕಂಪನಿ ಕಟ್ಟೋ ಶುಲ್ಕ) ವರ್ಷಕ್ಕೆ 480ರಂತೆ 1,440, ವೀಸಾ ಫೀ 769, ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ) ವರ್ಷಕ್ಕೆ 1,035ರಂತೆ 3,105. ಒಟ್ಟು 6,413 ಪೌಂಡ್. ಒಳ್ಳೇ ಸಾಲಿಸಿಟರ್ ಫೀಸ್ ಇದರ ಮೇಲೆ. ಲೈಸೆನ್ಸು, ಸರ್ಟಿಫಿಕೇಟ್, ಸ್ಕಿಲ್ಸ್ ಚಾರ್ಜ್ ಕಂಪನಿ ಅಕೌಂಟ್‌ನಿಂದಲೇ ಹೋಗಲಿ, ಅದನ್ನ ಉದ್ಯೋಗಿ ಮೇಲೆ ಹಾಕೋ ಹಾಗಿಲ್ಲ. ಕಂಪನಿ ಹೊಸದಾಗಿ ವ್ಯಾಪಾರ ಶುರು ಮಾಡಿದ್ರೆ ಯುಕೆಯ ಸರಿಯಾದ ಬ್ಯಾಂಕ್‌ನಲ್ಲಿ ಅಕೌಂಟ್ ಇರಲೇಬೇಕು, ಬರೀ ಪೇಮೆಂಟ್ ಆ್ಯಪ್ ಅಕೌಂಟ್ ನಡಿಯಲ್ಲ, ಇದಕ್ಕೇ ತುಂಬಾ ಸಮಯ ಹಿಡಿಯುತ್ತೆ, ಮೊದಲೇ ಶುರು ಮಾಡಿ. ಸ್ಕಿಲ್ಡ್ ವರ್ಕರ್‌ಗೆ 2026ರ ಜನವರಿ 8ರಿಂದ ಇಂಗ್ಲಿಷ್ ಬಿ2 (ಮಧ್ಯಮಕ್ಕಿಂತ ಮೇಲಿನ) ಮಟ್ಟ ಬೇಕು, ನಿಮ್ಮ ಡಿಗ್ರಿ ಇಂಗ್ಲಿಷ್ ಮೀಡಿಯಂ ಆದ್ರೆ ಹೊರದೇಶದ ಡಿಗ್ರಿ ಪರಿಶೀಲಿಸೋ ಎಕ್ಟಿಸ್ ಅನ್ನೋ ಸಂಸ್ಥೆಯಿಂದ ಪತ್ರ ತಗೊಂಡ್ರೆ ಆಗುತ್ತೆ.

ನಿಮ್ಮನೆಯವರು ಡಿಪೆಂಡೆಂಟ್ (ನಿಮ್ಮ ವೀಸಾ ಅವಲಂಬಿಸಿ ಬರೋರು) ಆಗಿ ಬಂದ್ರೆ ಕೆಲಸ ಮಾಡಬಹುದು, ಎರಡೂ ರೂಟ್‌ನಲ್ಲಿ, ಯಾವ ಕಂಪನಿಯಲ್ಲಾದ್ರೂ ಸರಿ, ಸ್ಪಾನ್ಸರ್ ಬೇಡ. ಅವರಿಗೂ ವೀಸಾ ಫೀ, ಹೆಲ್ತ್ ಸರ್‌ಚಾರ್ಜ್ ಬೇರೆ ಕಟ್ಟಬೇಕು.

ಧಾರವಾಡ_ಆಡಿಟ್:
ಹೋಗೂಕಿಂತ ಮೊದಲ ಭಾರತದ ಕಂಪನಿ ಬೋರ್ಡ್ ರೆಸೊಲ್ಯೂಷನ್ ಮಾಡ್ಕೊಳ್ರಿ, ಫಾರ್ಮ್ ಎಫ್‌ಸಿ ಬ್ಯಾಂಕಿಗೆ ಕೊಡೂಮುಂದ ಅದನ್ನ ಕೇಳತಾರ. ನಿಮ್ಮ ಭಾವ ಇಲ್ಲೇ ಉಳದ್ರ ಎಪಿಆರ್ ಅವರ ಸಹಿ ಮ್ಯಾಲೆ ಹೋಗಲಿ, ಪ್ರತಿ ವರ್ಷ ಅದಕ್ಕಂತ ನೀವು ಓಡಿ ಬರೂದು ಬ್ಯಾಡ.